ಪೆಟ್ರೋಲ್ ಎಲ್ಲಿಡ್ತೀಯಮ್ಮ?

"ಇದರೊಳಗೆ ಕೂರೋರು ಯಾರಮ್ಮ?"

ಪಿಲ್ಲಗುಂಪೆ ಇಂಡಸ್ಟ್ರಿಯಲ್ ಏರಿಯಾದ ಒಂದು ಚಿಕ್ಕ ಶೀಟ್ ಮೆಟಲ್ ಶೆಡ್ಡಿನಲ್ಲಿ ವೆಲ್ಡಿಂಗ್ ಮೇಸ್ತ್ರಿ ಈ ಪ್ರಶ್ನೆ ಕೇಳಿದಾಗ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ನಾನು ಹೋಗಿದ್ದು ಟ್ಯಾಂಕ್ ಮಾಡಿಸೋಕೆ. ಕೈಯಲ್ಲಿ ಡ್ರಾಯಿಂಗ್ ಇತ್ತು, ರಟ್ಟು ಕತ್ತರಿಸಿ ಅಂಟಿಸಿದ ಮಾದರಿ ಇತ್ತು, ಮೂರು ವಾರದ ನಿದ್ದೆ ಬಾಕಿ ಇತ್ತು. ಅಳತೆ ನೋಡಿ ರೇಟು ಹೇಳ್ತಾರೆ ಅಂದ್ಕೊಂಡ್ರೆ, ಇವರು ಕೂರೋರ ಬಗ್ಗೆ ಕೇಳ್ತಿದ್ದಾರಲ್ಲ!

"ನನ್ನ ರೂಮ್‌ಮೇಟ್ ಮಾಮ. ಅವಳೇ ನಮ್ಮ ಡ್ರೈವರ್."

ಅವರು ರಟ್ಟಿನ ಟ್ಯಾಂಕನ್ನು ಡ್ರಾಯಿಂಗಿನ ಮೇಲಿಟ್ಟರು. ಸೀಟಿನ ಬಲಗಡೆ, ಸೊಂಟದ ಎತ್ತರಕ್ಕೆ ಸರಿಯಾಗಿ ಕೂತಿತು. "ಅಂದ್ರೆ ಆ ಮಗು ತೊಡೆ ಪಕ್ಕ ಆರು ಲೀಟರ್ ಪೆಟ್ರೋಲ್ ಇಡ್ತೀಯ. ಪಕ್ಕದಿಂದ ಯಾರಾದ್ರೂ ಗುದ್ದಿದ್ರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾಲೇಜು ಹುಡುಗರ ರೇಸ್ ಕಾರು

ಹಿನ್ನೆಲೆ ಹೇಳಿಬಿಡ್ತೀನಿ. ನಮ್ಮೂರು ಹೊಸಕೋಟೆ. ಅಪ್ಪ ಪಿಲ್ಲಗುಂಪೆಯಲ್ಲೇ ಒಂದು ಲೇತ್ ಶಾಪಿನಲ್ಲಿ ಕೆಲಸಕ್ಕಿದ್ದರು. ಶನಿವಾರ ಅರ್ಧ ದಿನ ಸ್ಕೂಲು ಮುಗಿಸಿ ನಾನು ಅಲ್ಲಿಗೇ ಹೋಗುತ್ತಿದ್ದೆ. ಕಬ್ಬಿಣದ ಪುಡಿ, ಕೂಲಂಟಿನ ವಾಸನೆ, ಗ್ರೈಂಡರ್ ಸದ್ದು, ಇವುಗಳ ನಡುವೆಯೇ ಹೋಮ್‌ವರ್ಕ್ ಮಾಡಿದವಳು ನಾನು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರಿದಾಗ ಮನೆಯಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ. ಕಾಲೇಜು ಬೆಂಗಳೂರಿನ ಆ ತುದಿಯಲ್ಲಿ. ಕೆ.ಆರ್.ಪುರದ ಟ್ರಾಫಿಕ್ ದಾಟಿ ದಿನಾ ಓಡಾಡೋದು ಆಗದ ಮಾತು ಅಂತ ಹಾಸ್ಟೆಲ್ ಸೇರಿದೆ.

ಅಲ್ಲಿ ಸಿಕ್ಕಿದ್ದೇ ಫಾರ್ಮುಲಾ ಸ್ಟೂಡೆಂಟ್ ತಂಡ. ವಿದ್ಯಾರ್ಥಿಗಳೇ ಒಂದು ಸೀಟಿನ ಪುಟ್ಟ ರೇಸ್ ಕಾರನ್ನು ಡಿಸೈನ್ ಮಾಡಿ, ಕಟ್ಟಿ, ಓಡಿಸುವ ಸ್ಪರ್ಧೆ ಇದು. ಬೆಂಗಳೂರಿಗೆ ಇದು ಹೊಸತಲ್ಲ. ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಿಂದಲೇ ಈ ಕೆಲಸದಲ್ಲಿದೆ. ನಮ್ಮದು ಅಂಥ ಹೆಸರಿನ ತಂಡವಲ್ಲ. ದುಡ್ಡು ಕಡಿಮೆ, ಜಗಳ ಜಾಸ್ತಿ. ಫೈನಲ್ ಇಯರ್‌ನಲ್ಲಿ ಫ್ಯುಯೆಲ್ ಸಿಸ್ಟಮ್ ಜವಾಬ್ದಾರಿ ನನ್ನ ತಲೆಗೆ ಬಂತು.

ಎಂಜಿನ್ ಕೆಟಿಎಂ 390 ಬೈಕಿನದ್ದು. ಫ್ರೇಮ್ ಡಿಸೈನ್ ಮಾಡಿದವರು ಎಲ್ಲಕ್ಕೂ ಜಾಗ ಕೊಟ್ಟು, ಕೊನೆಗೆ ನನ್ನ ಹತ್ತಿರ ಬಂದು, "ಮಗಾ, ಬಲಗಡೆ ಸೈಡ್‌ಪಾಡ್ ಖಾಲಿ ಇದೆ. ಟ್ಯಾಂಕ್ ಅಲ್ಲೇ ಅಡ್ಜಸ್ಟ್ ಮಾಡ್ಕೋ" ಅಂದಿದ್ದರು. ನಾನೂ ಅಡ್ಜಸ್ಟ್ ಮಾಡಿಕೊಂಡೆ. ರೂಲ್‌ಬುಕ್ ನೋಡಿದೆ. ಪಕ್ಕದಲ್ಲಿ ಇಡಬಾರದು ಅಂತ ಎಲ್ಲೂ ಇರಲಿಲ್ಲ. ಹೊರಗಿನ ಪೆಟ್ಟು ತಡೆಯುವ ಪೈಪುಗಳ ರಕ್ಷಣೆ ಇರಬೇಕು ಅಂತಿತ್ತು. ಎರಡು ಪೈಪು ಹಾಕಿದರೆ ಆಯ್ತು, ಪಾಸ್. ಹಾಗಂತ ಅಂದುಕೊಂಡೇ ಮೇಸ್ತ್ರಿ ಹತ್ತಿರ ಹೋಗಿದ್ದು.

ಫ್ಯುಯೆಲ್ ಸೆಲ್ ಅಂದ್ರೆ ಏನು?

ಹೆಸರು ಕೇಳಿದ ಕೂಡಲೇ ಹೈಡ್ರೋಜನ್‌ನಿಂದ ಕರೆಂಟ್ ಮಾಡುವ ಸಾಧನ ನಿಮ್ಮ ತಲೆಗೆ ಬಂದಿರಬಹುದು. ಅದೇ ಬೇರೆ, ಇದೇ ಬೇರೆ. ರೇಸಿಂಗ್‌ನಲ್ಲಿ ಫ್ಯುಯೆಲ್ ಸೆಲ್ ಅಂದರೆ ಸುಲಭಕ್ಕೆ ಒಡೆಯದ ಪೆಟ್ರೋಲ್ ಟ್ಯಾಂಕ್. ಬಲವಾದ ಬಟ್ಟೆಗೆ ರಬ್ಬರ್ ಹಚ್ಚಿ ಮಾಡಿದ ಚೀಲ, ಒಳಗೆ ಸ್ಪಂಜಿನಂಥ ಫೋಮ್, ಹೊರಗೆ ಗಟ್ಟಿ ಪೆಟ್ಟಿಗೆ. ಪೆಟ್ಟು ಬಿದ್ದರೆ ತಗಡಿನ ಡಬ್ಬ ಸೀಳುತ್ತದೆ; ಚೀಲ ಬಾಗುತ್ತದೆ, ಒಡೆಯೋದಿಲ್ಲ. ಫೋಮ್ ಇರೋದರಿಂದ ಪೆಟ್ರೋಲ್ ಕುಲುಕುವುದು ಕಡಿಮೆ, ಆವಿ ಒಮ್ಮೆಲೇ ಹೊತ್ತಿ ಸಿಡಿಯುವ ಭಯವೂ ಕಡಿಮೆ.

ಇದು ಬಂದಿದ್ದು ಸಾವುಗಳ ನಂತರ. 1964ರ ಮೇ 30ರಂದು ಅಮೆರಿಕದ ಇಂಡಿಯಾನಾಪೊಲಿಸ್ ರೇಸಿನಲ್ಲಿ ಎರಡನೇ ಲ್ಯಾಪಿನಲ್ಲೇ ಕಾರುಗಳು ಗುದ್ದಿ ಬೆಂಕಿ ಎದ್ದು ಎಡ್ಡಿ ಸ್ಯಾಕ್ಸ್ ಮತ್ತು ಡೇವ್ ಮೆಕ್‌ಡೊನಾಲ್ಡ್ ತೀರಿಕೊಂಡರು. ಅದೇ ವರ್ಷ ಷಾರ್ಲೆಟ್‌ನಲ್ಲಿ ಸುಟ್ಟ ಗಾಯಗಳಾದ ನ್ಯಾಸ್ಕಾರ್ ಚಾಲಕ ಫೈರ್‌ಬಾಲ್ ರಾಬರ್ಟ್ಸ್ ಜುಲೈನಲ್ಲಿ ಹೋದರು. ಅಲ್ಲಿಂದಾಚೆಗೆ ರೇಸ್ ಕಾರುಗಳಿಗೆ ಚೀಲದ ಟ್ಯಾಂಕ್ ಕಡ್ಡಾಯವಾಗುತ್ತಾ ಬಂತು. ಫಾರ್ಮುಲಾ ಒನ್‌ನಲ್ಲಿ 1970ರಲ್ಲಿ ಆ ನಿಯಮ ಬಂತು.

ಆದರೆ ನಮ್ಮಂಥ ಕಾಲೇಜು ತಂಡಗಳಿಗೆ ಅಂಥ ಸೆಲ್ ಕೊಳ್ಳುವ ಶಕ್ತಿ ಎಲ್ಲಿ? ನಾವು ಅಲ್ಯೂಮಿನಿಯಂ ತಗಡು ಮಡಚಿ, ಟಿಗ್ ವೆಲ್ಡಿಂಗ್ ಮಾಡಿಸಿ ಟ್ಯಾಂಕ್ ಮಾಡಿಕೊಳ್ಳುತ್ತೇವೆ. ಅಂದರೆ ಗುದ್ದಿದರೆ ಸೀಳುವ ಜಾತಿಯದ್ದೇ. ಚೀಲದ ರಕ್ಷಣೆ ಇಲ್ಲದ ಮೇಲೆ ಉಳಿದಿದ್ದು ಒಂದೇ ರಕ್ಷಣೆ, ಟ್ಯಾಂಕ್ ಕೂರುವ ಜಾಗ. ಇಷ್ಟು ಸರಳ ಮಾತು ನನಗೆ ಮೂರು ವಾರ ಕಂಪ್ಯೂಟರ್ ಮುಂದೆ ಕೂತಾಗ ಹೊಳೆದಿರಲಿಲ್ಲ.

ಎಲ್ಲೆಲ್ಲಿ ಇಡಬಹುದು?

ಅವತ್ತು ರಾತ್ರಿ ಹೊಸಕೋಟೆಯ ಮನೆಯಲ್ಲೇ ಉಳಿದು, ಪಟ್ಟಾಗಿ ಕೂತು ಓದಿದೆ.

ಮುಂದೆ, ಕಾಲ ಮೇಲೆ? ಎದುರಿನಿಂದ ಗುದ್ದುವ ಮೊದಲ ಭಾಗ ಅದೇ. ಬೇಡ.

ಹಿಂದೆ, ಹಿಂಚಕ್ರದ ಆಕ್ಸಲ್‌ನಿಂದ ಆಚೆ? ಹಿಂದಿನಿಂದ ಯಾರಾದರೂ ಬಂದು ಗುದ್ದಿದರೆ ಪುಡಿಯಾಗೋದು ಅದೇ ಭಾಗ. ಅಮೆರಿಕದಲ್ಲಿ 70ರ ದಶಕದ ಫೋರ್ಡ್ ಪಿಂಟೊ ಕಾರಿನ ಟ್ಯಾಂಕ್ ಹಿಂದಿನ ಆಕ್ಸಲ್ ಮತ್ತು ಬಂಪರ್ ನಡುವೆ ಇತ್ತು. ಹಿಂದಿನಿಂದ ಡಿಕ್ಕಿಯಾದಾಗ ಬೆಂಕಿ ಹೊತ್ತಿದ ಪ್ರಕರಣಗಳು ದೊಡ್ಡ ಗಲಾಟೆಯಾಗಿ, 1978ರಲ್ಲಿ ಸುಮಾರು 15 ಲಕ್ಷ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಭಾರದ ಲೆಕ್ಕದಲ್ಲೂ ತೊಂದರೆ. ಟ್ಯಾಂಕ್ ತುಂಬಿದಾಗ ಹಿಂಭಾಗ ಭಾರ, ಖಾಲಿಯಾದಾಗ ಹಗುರ. ರೇಸ್ ಶುರುವಿನಲ್ಲಿ ಒಂದು ಕಾರು, ಕೊನೆಯಲ್ಲಿ ಇನ್ನೊಂದು ಕಾರು ಓಡಿಸಿದ ಹಾಗೆ.

ಪಕ್ಕದಲ್ಲಿ? ಒಂದು ಕಾಲಕ್ಕೆ ದೊಡ್ಡದೊಡ್ಡವರೂ ಹೀಗೇ ಇಡುತ್ತಿದ್ದರು. 1962ರ ಲೋಟಸ್ 25 ಕಾರಿನಲ್ಲಿ ಡ್ರೈವರ್‌ನ ಎರಡೂ ಬದಿಯ ತೊಟ್ಟಿಗಳೊಳಗೆ ರಬ್ಬರ್ ಚೀಲದಲ್ಲಿ ಪೆಟ್ರೋಲ್ ಇರುತ್ತಿತ್ತು. ಕಾರು ಸಣ್ಣಗೆ, ಚೂಪಾಗಿ ಬರುತ್ತಿತ್ತು. ಡ್ರೈವರ್ ಮಾತ್ರ ಪೆಟ್ರೋಲಿನ ನಡುವೆ ಮಲಗಿದ ಹಾಗೆ.

ಇದನ್ನು ಬದಲಿಸಿದ್ದೂ ಲೋಟಸ್‌ನವರೇ. 1978ರ ಲೋಟಸ್ 79ರಲ್ಲಿ ಡ್ರೈವರ್ ಬೆನ್ನಿಗೂ ಎಂಜಿನ್‌ಗೂ ನಡುವೆ ಒಂದೇ ಟ್ಯಾಂಕ್ ಇಟ್ಟರು. ಮಜಾ ಏನು ಗೊತ್ತಾ? ಅವರು ಇದನ್ನು ಮಾಡಿದ್ದು ಮುಖ್ಯವಾಗಿ ವೇಗಕ್ಕೆ. ಕಾರನ್ನು ನೆಲಕ್ಕೆ ಹೀರುವಂತೆ ಗಾಳಿ ಹರಿಸೋದಕ್ಕೆ ಎರಡೂ ಬದಿ ಖಾಲಿ ಬೇಕಿತ್ತು. ಆ ವರ್ಷ ಮಾರಿಯೋ ಆಂಡ್ರೆಟ್ಟಿ ವಿಶ್ವ ಚಾಂಪಿಯನ್ ಆದರು. ವೇಗಕ್ಕೆ ಅಂತ ಹುಡುಕಿದ ಜಾಗವೇ ಸುರಕ್ಷತೆಗೂ ಒಳ್ಳೆಯದಾಯಿತು. ಇವತ್ತು ಫಾರ್ಮುಲಾ ಒನ್‌ನಲ್ಲಿ ಪೆಟ್ರೋಲ್ ಡ್ರೈವರ್ ಬೆನ್ನಿಗೂ ಎಂಜಿನ್‌ಗೂ ನಡುವೆಯೇ ಇರಬೇಕು ಅನ್ನೋದು ನಿಯಮ.

ಯಾಕೆ ಆ ಜಾಗ? ಕಾರಿನ ನಟ್ಟನಡು ಅದು. ಮುಂದೆ ಡ್ರೈವರ್‌ನ ಗಟ್ಟಿ ಗೂಡು, ಹಿಂದೆ ಎಂಜಿನ್, ಅಕ್ಕಪಕ್ಕ ಫ್ರೇಮ್. ಪೆಟ್ಟು ಎಲ್ಲಿಂದ ಬಂದರೂ ಮೊದಲು ಬೇರೇನಾದರೂ ಮುರಿಯಬೇಕು. ಫಾರ್ಮುಲಾ ಒನ್ ಕಾರಿನಲ್ಲಿ 2025ರವರೆಗೆ ಒಂದು ರೇಸಿಗೆ 110 ಕೆಜಿವರೆಗೆ ಇಂಧನ ಬಳಸಬಹುದಿತ್ತು. ಅಷ್ಟು ಭಾರ ಒಂದೂವರೆ ಗಂಟೆಯಲ್ಲಿ ಕರಗಿಹೋದರೂ, ಅದು ನಡುವೆ ಇರೋದರಿಂದ ಕಾರಿನ ತೂಕದ ಹದ ಹೆಚ್ಚು ಕೆಡೋದಿಲ್ಲ. ನಮ್ಮ ಆರು ಲೀಟರ್ ಲೆಕ್ಕ ಹಾಕಿದರೆ ಬರೀ ನಾಲ್ಕೂವರೆ ಕೆಜಿ. ಹಾಗಾಗಿ ತೂಕದ ನೆಪ ಹೇಳೋಕೂ ನನಗೆ ಅವಕಾಶ ಇರಲಿಲ್ಲ. ನನ್ನ ಮುಂದೆ ಉಳಿದಿದ್ದು ಒಂದೇ ಪ್ರಶ್ನೆ: ಅವಳ ತೊಡೆ ಪಕ್ಕವಾ, ಅಲ್ಲವಾ?

ಫ್ರೇಮ್ ಕತ್ತರಿಸಿದ ದಿನ

ಬೆನ್ನ ಹಿಂದೆ ಜಾಗ ಬೇಕು ಅಂದರೆ ಎಂಜಿನ್ ಹಿಂದಕ್ಕೆ ಹೋಗಬೇಕು. ಎಂಜಿನ್ ಹೋದರೆ ಚೈನ್, ಎಂಜಿನ್ ಮೌಂಟ್, ಸೈಲೆನ್ಸರ್ ಪೈಪ್ ಎಲ್ಲವೂ ಬದಲಾಗಬೇಕು. ಆಗಲೇ ವೆಲ್ಡ್ ಆಗಿದ್ದ ಫ್ರೇಮಿನ ಹಿಂಭಾಗ ಕತ್ತರಿಸಬೇಕು. ವೀಲ್‌ಬೇಸ್ 70 ಮಿ.ಮೀ. ಉದ್ದವಾಗುತ್ತದೆ, ತಿರುವಿನಲ್ಲಿ ಕಾರು ಸ್ವಲ್ಪ ನಿಧಾನ ಆಗುತ್ತದೆ. ಸ್ಪರ್ಧೆಗೆ ಉಳಿದಿದ್ದು ಏಳು ವಾರ.

ಮೀಟಿಂಗಿನಲ್ಲಿ ಬಿರುಗಾಳಿ ಎದ್ದಿತು. "ರೂಲ್ಸ್ ಪ್ರಕಾರ ಸರಿ ಇದೆ ಅಲ್ವಾ? ಯಾವನೋ ವೆಲ್ಡರ್ ಹೇಳಿದ ಅಂತ ಫ್ರೇಮ್ ಕಟ್ ಮಾಡ್ಬೇಕಾ?" ಅಂದ ಒಬ್ಬ. ಟೆಸ್ಟಿಂಗ್‌ಗೆ ಸಮಯವೇ ಸಿಗಲ್ಲ ಅಂತ ಇನ್ನೊಬ್ಬ. ಅವರ ಮಾತಲ್ಲೂ ಸತ್ಯ ಇತ್ತು. ಓಡಿಸಿ ನೋಡದ ಕಾರು ಕೂಡ ಅಪಾಯವೇ ತಾನೆ?

ನನ್ನ ರೂಮ್‌ಮೇಟ್ ಅಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ ಬರೀ ಇಷ್ಟು ಹೇಳಿದಳು: "ನೀನು ಕೂರ್ತೀಯಾ ಅದರಲ್ಲಿ?"

ಫ್ರೇಮ್ ಕತ್ತರಿಸಿದೆವು. ನಿಮಗೆ ಸುಳ್ಳು ಯಾಕೆ ಹೇಳಲಿ, ಗ್ರೈಂಡರ್ ಕಿಡಿ ಹಾರುವಾಗ ನನಗೆ ಅಳು ಬಂತು. ಎರಡು ತಿಂಗಳ ಕೆಲಸ ನೆಲದ ಮೇಲೆ ಬಿದ್ದಿತ್ತು.

ಮೇಸ್ತ್ರಿ ಕಲಿಸಿದ್ದು

ಮತ್ತೆ ಪಿಲ್ಲಗುಂಪೆಗೆ ಹೋದಾಗ ಹೊಸ ರಟ್ಟಿನ ಮಾದರಿ ನೋಡಿ ಮೇಸ್ತ್ರಿ ಏನೂ ಅನ್ನಲಿಲ್ಲ. ಟೀ ತರಿಸಿದರು. ಆಗ ಅವರ ಬಲಗೈ ಮೊದಲ ಬಾರಿ ಸರಿಯಾಗಿ ನೋಡಿದೆ. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಚಿಕ್ಕಂದಿನಿಂದ ನೋಡಿದ ಕೈಯೇ. ಯಾವತ್ತೂ ಕೇಳಿರಲಿಲ್ಲ.

"ಖಾಲಿ ಸ್ಕೂಟರ್ ಟ್ಯಾಂಕು ಕಣಮ್ಮ. ಖಾಲಿ ಅಂತಾನೇ ವೆಲ್ಡಿಂಗಿಗೆ ಹಚ್ಚಿದ್ದೆ. ಇಪ್ಪತ್ತು ವರ್ಷ ಆಗಿರ್ಬೇಕು ನಂಗೆ ಆಗ."

ಹೊತ್ತಿಕೊಳ್ಳೋದು ಪೆಟ್ರೋಲಲ್ಲ, ಅದರ ಆವಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನಲ್ಲೇ ಆವಿಗೆ ಜಾಗ ಜಾಸ್ತಿ. ಬಳಸಿದ ಟ್ಯಾಂಕಿಗೆ ಸುಮ್ಮಸುಮ್ಮನೆ ಬೆಂಕಿ ಹಿಡಿಯಬಾರದು ಅನ್ನೋ ಪಾಠ ಅವರ ಚರ್ಮದ ಮೇಲೇ ಬರೆದಿತ್ತು.

ಮುಂದಿನ ನಾಲ್ಕು ದಿನ ಅವರ ಪಕ್ಕ ನಿಂತು ಕಲಿತದ್ದು ಇಷ್ಟು:

ಟ್ಯಾಂಕನ್ನು ಫ್ರೇಮಿಗೆ ಬಿಗಿಯಾಗಿ ಬೋಲ್ಟ್ ಮಾಡಬೇಡಿ. ಓಡುವಾಗ ಫ್ರೇಮ್ ತಿರುಚುತ್ತದೆ, ಆ ಎಳೆತಕ್ಕೆ ವೆಲ್ಡಿಂಗ್ ಬಿಡುತ್ತದೆ. ನಡುವೆ ರಬ್ಬರ್ ಬುಷ್ ಇರಲಿ.

ಡ್ರೈವರ್‌ಗೂ ಟ್ಯಾಂಕಿಗೂ ನಡುವೆ ಪೂರಾ ಮುಚ್ಚಿದ ತಗಡಿನ ಗೋಡೆ ಬೇಕು. ಇದನ್ನೇ ಫೈರ್‌ವಾಲ್ ಅನ್ನೋದು. ವೈರು ದಾಟಿಸೋಕೆ ಕೊರೆದ ತೂತನ್ನೂ ಮುಚ್ಚಬೇಕು. ಟ್ಯಾಂಕಿಗೂ ಎಂಜಿನ್‌ಗೂ ನಡುವೆ ಬಿಸಿ ತಡೆಯುವ ಇನ್ನೊಂದು ತಗಡು.

ಪೆಟ್ರೋಲ್ ಹಾಕುವ ಬಾಯಿ ಸೈಲೆನ್ಸರ್ ಪೈಪಿನ ಕಡೆಗೆ ಬೇಡ. ಚೆಲ್ಲಿದ್ದು ಬಿಸಿ ಪೈಪಿನ ಮೇಲೆ ಬೀಳಬಾರದು. ಕಾರಿನ ಹೊಟ್ಟೆಯ ತಗಡಿನಲ್ಲಿ ತೂತು ಕೊರೆಯಿರಿ, ಚೆಲ್ಲಿದ ಪೆಟ್ರೋಲ್ ನಿಲ್ಲದೆ ಇಳಿದುಹೋಗಲಿ.

ಒಳಗೆ ಅಡ್ಡ ತಗಡು ಹಾಕಿ. ಜೋರು ತಿರುವಿನಲ್ಲಿ ಪೆಟ್ರೋಲೆಲ್ಲ ಒಂದು ಗೋಡೆಗೆ ಹತ್ತಿ ಕೂರುತ್ತದೆ, ಪಂಪು ಗಾಳಿ ಹೀರುತ್ತದೆ, ಎಂಜಿನ್ ಕೆಮ್ಮುತ್ತದೆ. ಈ ವಿಷಯದಲ್ಲಿ ಹೊಸ ಜಾಗ ನಮಗೆ ಲಾಭವೇ ಆಯಿತು. ಸೈಡ್‌ಪಾಡಿನ ಟ್ಯಾಂಕ್ ಚಪ್ಪಟೆ, ಇದು ಉದ್ದಕ್ಕೆ ನಿಂತದ್ದು. ತಳದಲ್ಲಿ ಯಾವಾಗಲೂ ಸ್ವಲ್ಪ ಪೆಟ್ರೋಲ್ ಉಳಿಯುತ್ತಿತ್ತು. ನಷ್ಟವೂ ಇತ್ತು, ಭಾರ ತುಸು ಮೇಲಕ್ಕೆ ಬಂತು.

ಕೊನೆಗೆ ಟ್ಯಾಂಕಿಗೆ ಮೆಲ್ಲಗೆ ಗಾಳಿ ತುಂಬಿ, ಹೊಲಿಗೆಯ ಮೇಲೆಲ್ಲ ಸೋಪಿನ ನೀರು ಹಚ್ಚಿದರು. ಒಂದು ಮೂಲೆಯಲ್ಲಿ ಗುಳ್ಳೆ ಎದ್ದಿತು. ಮತ್ತೆ ವೆಲ್ಡಿಂಗ್, ಮತ್ತೆ ಸೋಪಿನ ನೀರು. ಎರಡನೇ ಸಲ ಗುಳ್ಳೆ ಇಲ್ಲ. ಕೂಲಿ ಅರ್ಧ ಮಾತ್ರ ತಗೊಂಡರು. "ಉಳಿದಿದ್ದು ವಾಪಸ್ ಬಂದು ಹೇಳು, ಅದೇ ಸಾಕು" ಅಂದರು.

60 ಡಿಗ್ರಿ ವಾಲಿಸಿದಾಗ

ಸ್ಪರ್ಧೆ ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇನಲ್ಲಿ. ಮಾರುತಿ 800 ಎಂಜಿನ್ ಹಾಕಿ ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿದ ಎಸ್. ಕಾರಿವರ್ಧನ್ ಅವರ ಹೆಸರಿನ ಟ್ರ್ಯಾಕ್ ಅದು. ದೇಶೀ ಕೈಗಳಿಂದಲೇ ರೇಸ್ ಕಾರು ಕಟ್ಟಬಹುದು ಅಂತ ತೋರಿಸಿದವರು ಅವರು.

ಓಡುವ ಮೊದಲು ತಪಾಸಣೆ. ಡ್ರೈವರ್ 5 ಸೆಕೆಂಡಿನಲ್ಲಿ ಕಾರಿನಿಂದ ಹೊರಬರಬೇಕು. ಆಮೇಲೆ ಟಿಲ್ಟ್ ಟೇಬಲ್. ಟ್ಯಾಂಕ್ ಭರ್ತಿ ಮಾಡಿ, ಡ್ರೈವರ್ ಕೂರಿಸಿ, ಕಾರನ್ನು 60 ಡಿಗ್ರಿ ವಾಲಿಸುತ್ತಾರೆ. ಭೂಮಿಯ ಸೆಳೆತದ 1.7 ಪಟ್ಟು ಬಲದಲ್ಲಿ ತಿರುವು ತೆಗೆದುಕೊಂಡಾಗ ಪೆಟ್ರೋಲ್ ಎಷ್ಟು ವಾಲುತ್ತದೋ ಅಷ್ಟು. ಒಂದು ಹನಿಯೂ ಸೋರಬಾರದು.

ಸೋರಿತು. ಟ್ಯಾಂಕ್ ಅಲ್ಲ, ಗಾಳಿ ಹೋಗುವ ಕೊಳವೆ. ಹನಿ ಹನಿಯಾಗಿ ಕೆಳಗೆ ಬೀಳುತ್ತಿದ್ದುದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಕೊಳವೆಯ ಚೆಕ್ ವಾಲ್ವ್ ತಿರುವು ಮುರುವಾಗಿ ಹಾಕಿದ್ದೆ, ಹಾಕಿದವಳು ನಾನೇ. ಸರಿಮಾಡಿಕೊಂಡು ಎರಡನೇ ಸಲ ಹೋದೆವು. ಆಗ ಒಣ ನೆಲ.

ಆಗ ನೆನಪಾಗಿದ್ದು ರೊಮೇನ್ ಗ್ರೋಜಾನ್ ಅವರ ಅಪಘಾತ. 2020ರ ನವೆಂಬರ್ 29, ಬಹ್ರೇನ್. ಗಂಟೆಗೆ 192 ಕಿ.ಮೀ. ವೇಗದಲ್ಲಿ ತಡೆಬೇಲಿಗೆ ಗುದ್ದಿ ಕಾರು ಎರಡಾಯಿತು, ಬೆಂಕಿ ಎದ್ದಿತು. 27 ಸೆಕೆಂಡಿನಲ್ಲಿ ಅವರು ತಾವಾಗಿ ಎದ್ದು ಬಂದರು. ಟ್ಯಾಂಕಿನ ಜಾಗ ಸರಿಯೇ ಇತ್ತು. ಆದರೆ ಎಂಜಿನ್‌ಗೆ ಹೋಗುವ ಪೈಪಿನ ಜೋಡಣೆ ಸೆಲ್‌ನಿಂದ ಕಿತ್ತುಹೋಗಿತ್ತು, ತಪಾಸಣೆಯ ಮುಚ್ಚಳ ಕಳಚಿತ್ತು ಅಂತ ಎಫ್‌ಐಎ ತನಿಖೆ ಹೇಳಿತು. ಸೆಲ್ ಎಷ್ಟೇ ಗಟ್ಟಿಯಾಗಿರಲಿ, ಅದರ ಬಾಯಿ, ಪೈಪು, ಕೊಳವೆಗಳೂ ಅಷ್ಟೇ ಗಟ್ಟಿ ಇರಬೇಕು.

ನಿಮಗೂ ಒಂದೆರಡು ಮಾತು

ರೇಸ್ ಕಾರು ನಮಗ್ಯಾಕೆ ಅಂತೀರಾ? ನಿಮ್ಮ ಹ್ಯಾಚ್‌ಬ್ಯಾಕ್‌ನ ಟ್ಯಾಂಕ್ ಹೆಚ್ಚಾಗಿ ಹಿಂದಿನ ಸೀಟಿನ ಕೆಳಗೆ, ಹಿಂಚಕ್ರಕ್ಕಿಂತ ಮುಂದೆ ಇರುತ್ತದೆ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಮುಂದಿನ ಹಿಂದಿನ ಚಕ್ರಗಳ ನಡುವೆ, ನೆಲದಲ್ಲಿ. ಎಲ್ಲ ಕಡೆ ಒಂದೇ ಯೋಚನೆ.

ಹಳೆಯ ಕಾರನ್ನು ರ್‍ಯಾಲಿಗೆ ಸಿದ್ಧ ಮಾಡುವ ಗೆಳೆಯರಿದ್ದರೆ ಇದನ್ನು ಫಾರ್ವರ್ಡ್ ಮಾಡಿ. ಡಿಕ್ಕಿಯಲ್ಲಿ ಸೆಲ್ ಇಡುವುದು ಅನಿವಾರ್ಯವಾದರೆ ಬಂಪರಿನಿಂದ ದೂರ, ಆದಷ್ಟು ಮುಂದಕ್ಕೆ ಇಡಿ. ತೆಳು ನೆಲದ ತಗಡಿಗಲ್ಲ, ಬಾಡಿಯ ಗಟ್ಟಿ ಭಾಗಕ್ಕೆ ಪಟ್ಟಿ ಹಾಕಿ ಕಟ್ಟಿಸಿ. ಕ್ಯಾಬಿನ್‌ಗೂ ಡಿಕ್ಕಿಗೂ ನಡುವೆ ಲೋಹದ ಗೋಡೆ ಇರಲಿ. ಸೆಕೆಂಡ್‌ಹ್ಯಾಂಡ್ ಸೆಲ್ ಕೊಳ್ಳುವಾಗ ತಯಾರಿಸಿದ ದಿನಾಂಕ ನೋಡಿ. ಎಫ್‌ಐಎ ಮಾನ್ಯತೆಯ ರಬ್ಬರ್ ಚೀಲಕ್ಕೆ 5 ವರ್ಷ ಆಯಸ್ಸು. ತಯಾರಕರೇ ಪರೀಕ್ಷಿಸಿ ಒಪ್ಪಿದರೆ ಇನ್ನೆರಡು ವರ್ಷ, ಅಷ್ಟೇ.

ಉಳಿದ ಕೂಲಿ

ಕಪ್ ಬಂತಾ ಅಂತ ಕೇಳಬೇಡಿ. 22 ಕಿ.ಮೀ. ಎಂಡ್ಯೂರೆನ್ಸ್ ಓಟದ ನಡುವೆಯೇ ಚೈನ್ ಕಳಚಿ ಕಾರು ನಿಂತಿತು. ಟೆಸ್ಟಿಂಗ್‌ಗೆ ಸಮಯ ಸಾಲಲ್ಲ ಅಂದವನ ಮಾತು ನಿಜವಾಯಿತು. ಅವನು "ನಾನ್ ಹೇಳ್ಲಿಲ್ವಾ" ಅನ್ನಲಿಲ್ಲ, ಅದು ಅವನ ದೊಡ್ಡತನ. ರೂಮ್‌ಮೇಟ್ ಕಾರಿನಿಂದ ಜಿಗಿದು, ಹೆಲ್ಮೆಟ್ ತೆಗೆದು, ಚೈನಿಗೆ ಒಂದಷ್ಟು ಬೈದು, ನೀರು ಕೇಳಿದಳು. ಬೆವರು, ಧೂಳು, ಕೆಂಪು ಮುಖ. ನನಗೆ ಸೋಲಿನ ಬೇಜಾರಿಗಿಂತ ಅವಳು ಹೀಗೆ ಬೈಕೊಂಡು ನಡೆದು ಬರ್ತಿರೋದೇ ಸಮಾಧಾನ ಅನ್ನಿಸಿತು.

ವಾಪಸ್ ಬಂದು ಪಿಲ್ಲಗುಂಪೆಗೆ ಹೋದೆ. ಮೇಸ್ತ್ರಿ ಯಾವುದೋ ಡಕ್ಟ್ ವೆಲ್ಡಿಂಗಿನಲ್ಲಿದ್ದರು. ಮುಖದ ಶೀಲ್ಡ್ ಮೇಲಕ್ಕೆತ್ತಿದರು.

"ಗೆದ್ರಾ?"

"ಇಲ್ಲ ಮಾಮ. ಚೈನ್ ಹೋಯ್ತು."

"ಟ್ಯಾಂಕು?"

"ಒಂದು ಹನಿ ಸೋರಲಿಲ್ಲ."

"ಆ ಮಗು?"

"ಚೆನ್ನಾಗಿದ್ದಾಳೆ. ಚೈನ್ ಹಾಕಿದವನನ್ನ ಇನ್ನೂ ಬೈತಿದ್ದಾಳೆ."

ಅವರು ನಕ್ಕು ಶೀಲ್ಡ್ ಕೆಳಗಿಳಿಸಿದರು. ಉಳಿದ ಅರ್ಧ ಕೂಲಿ ಸಂದಾಯವಾಗಿತ್ತು.